ಮನೆಯವರ ರಕ್ತ

ಜರಡಿ ಒದ್ದೆಯಾಗಿತ್ತು.

ಬೆಳಗ್ಗೆ ಅಡುಗೆಮನೆಗೆ ಬಂದ ಸೊಸೆ ಚಹಾಕ್ಕೆ ನೀರಿಟ್ಟು, ಲೋಟ ತೆಗೆಯಲು ತಿರುಗಿದಾಗ ಅದನ್ನು ಕಂಡಳು. ಬೋರಲು ಹಾಕಿದ ಪಾತ್ರೆಗಳ ನಡುವೆ, ತನಗೇನೂ ಗೊತ್ತಿಲ್ಲ ಎನ್ನುವಂತೆ, ಅಂಚಿನಿಂದ ನೀರು ತೊಟ್ಟಿಕ್ಕಿಸುತ್ತ ಕೂತಿತ್ತು. ಅದು ಅಲ್ಲಿರಬಾರದಿತ್ತು. ಮಾವ ಗುಣವಾಗಿ ಮೊದಲ ಸಲ ಗಟ್ಟಿ ರೊಟ್ಟಿ ತಿಂದ ದಿನ ಅವಳೇ ಅದನ್ನು ಹಳೆಯ ಕಾಗದದಲ್ಲಿ ಸುತ್ತಿ, ಕುರ್ಚಿ ಹತ್ತಿ, ಅಟ್ಟದ ಮೂಲೆಗೆ ತಳ್ಳಿದ್ದಳು. ಇನ್ನು ನಿನ್ನ ಮುಖ ತೋರಿಸಬೇಡ ಎಂದು ಅದಕ್ಕೆ ಬೈದೂ ಇದ್ದಳು.

ಹೋದ ವರ್ಷ ಮಾವನ ಅನ್ನನಾಳದಲ್ಲಿ ಗಡ್ಡೆ ಎದ್ದಿತ್ತು. ಕ್ಯಾನ್ಸರ್. ಆ ಪದವನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. 'ಅದು' ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ತಿಂಗಳುಗಟ್ಟಲೆ ಮಾವ ಈ ಜರಡಿಯಲ್ಲಿ ಸೋಸಿದ ಗಂಜಿಯ ಮೇಲೆಯೇ ಬದುಕಿದ್ದರು. ಮನೆಯ ಮುಂಭಾಗದಲ್ಲಿ ಲಾಂಡ್ರಿ, ಹಿಂಭಾಗದಲ್ಲಿ ಸಂಸಾರ. ಮುಂದೆ ಬಟ್ಟೆಗೆ ಗಂಜಿ, ಹಿಂದೆ ಯಜಮಾನರಿಗೆ ಗಂಜಿ. "ನನಗೂ ಕಾಲರಿಗೂ ಒಂದೇ ಊಟ. ಕಾಲರಾದ್ರೂ ನೆಟ್ಟಗೆ ನಿಲ್ಲುತ್ತೆ" ಎಂದು ಆ ಸ್ಥಿತಿಯಲ್ಲೂ ಮಾವ ತಮಾಷೆ ಮಾಡಿದ್ದರು. ನಕ್ಕವರು ಯಾರೂ ಇಲ್ಲ.

"ಅತ್ತೆ, ಈ ಜರಡಿ ಯಾರು ಇಳಿಸಿದ್ದು?"

ಅತ್ತೆ ಒಲೆಯ ಮುಂದೆ ನಿಂತು, ಕುದಿಯುವ ಚಹಾವನ್ನು ಕುದಿಯುತ್ತಿದ್ದ ಹಾಗೇ ಲೋಟಕ್ಕೆ ಬಗ್ಗಿಸಿಕೊಂಡರು. "ಧೂಳು ಹಿಡಿದಿತ್ತು. ತೊಳೆದೆ." ಗಂಟಲು ಕಟ್ಟಿದಂತಿತ್ತು. ಈಚೆಗೆ ಅವರ ಧ್ವನಿಯೇ ಹಾಗೆ. ಹಬೆಯಲ್ಲಿ ನಿಂತು ನಿಂತು ಹೀಗಾಗಿದೆ ಎನ್ನುತ್ತಿದ್ದರು.

"ಅಟ್ಟದ ಮೇಲಿನ ಧೂಳು ನಿಮಗೆ ಇಲ್ಲಿಂದ ಕಾಣಿಸ್ತಾ?"

"ನನ್ನ ಕಣ್ಣು ಇನ್ನೂ ಚೆನ್ನಾಗಿದೆ. ನೀನು ಹಾಲು ನೋಡು, ಉಕ್ಕುತ್ತೆ."

ಅತ್ತೆ ಆ ಸುಡುವ ಚಹಾವನ್ನು ನಿಂತಲ್ಲೇ ಕುಡಿದರು. ಇಸ್ತ್ರಿ ಬಿಸಿಯಾಗಿ ಕಾಯುತ್ತಿರುವಾಗ ಚಹಾ ಆರಲಿ ಎಂದು ಕೂರಲು ಪುರುಸೊತ್ತು ಯಾರಿಗಿದೆ? ಗಂಡ ಹೆಂಡತಿ ಇಬ್ಬರೂ ಜೀವಮಾನವಿಡೀ ಒಂದೇ ಕೆಟಲಿನಿಂದ ನಾಲಿಗೆ ಸುಡುವ ಚಹಾ ಕುಡಿದವರು. ಕಾಯಿಲೆ ಬಂದ ಮೇಲೆ, ಆ ಸುಡುಬಿಸಿ ಅನ್ನನಾಳಕ್ಕೆ ಕೆಡುಕು ಎಂದು ಡಾಕ್ಟರು ಮಾವನಿಗೆ ಆ ಅಭ್ಯಾಸ ಬಿಡಿಸಿದರು. ಅತ್ತೆಗೆ ಯಾರೂ ಏನೂ ಹೇಳಲಿಲ್ಲ. ಈ ಮನೆಯಲ್ಲಿ ಅತ್ತೆಗೆ ಏನಾದರೂ ಹೇಳುವ ಪದ್ಧತಿಯೇ ಇರಲಿಲ್ಲ, ಅವರೇ ಎಲ್ಲರಿಗೂ ಹೇಳುವವರು.

ತಿಂಡಿಗೆ ಕೂತಾಗ ಮಾವನ ಉತ್ಸಾಹ ನೋಡಬೇಕಿತ್ತು. ಒಣ ರಸ್ಕುಗಳ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಕರುಂ ಕುರುಂ ಎಂದು ಅಗಿಯತೊಡಗಿದರು. ಹಾಲಿದೆ, ಅದ್ದಿಕೊಳ್ಳಿ ಎಂದರೆ ಬೇಡ. ಬೆಣ್ಣೆ ಇದೆ ಎಂದರೆ ಬೇಡ. ಸದ್ದು ಬರಬೇಕು, ಅಷ್ಟೇ.

"ತಾತ, ನೀನು ತಿನ್ನೋದು ಬೀದಿ ಕೊನೇವರೆಗೂ ಕೇಳುತ್ತೆ" ಎಂದಳು ಮೊಮ್ಮಗಳು. ಹೈಸ್ಕೂಲಿಗೆ ಹೋಗುವ ಹುಡುಗಿ. ಬಾಯಲ್ಲಿ ಮಾತು ನಿಲ್ಲುತ್ತಿರಲಿಲ್ಲವಾಗಿ ಮನೆಯವರೆಲ್ಲ ಅವಳನ್ನು ಡಂಗುರ ಎಂದೇ ಕರೆಯುತ್ತಿದ್ದರು.

"ಕೇಳಲಿ ಬಿಡು. ನಮ್ಮ ಮನೆಯಲ್ಲಿ ಊಟ ನಡೀತಿದೆ ಅಂತ ಗೊತ್ತಾಗ್ಲಿ."

ಅತ್ತೆ ತಿನ್ನುತ್ತಿರಲಿಲ್ಲ. ಗಂಡನ ಗಂಟಲನ್ನು ನೋಡುತ್ತಿದ್ದರು. ತುತ್ತು ಬಾಯಿಗೆ ಹೋಗಿ, ಗಂಟಲಮಣಿ ಮೇಲೆದ್ದು ಕೆಳಗಿಳಿದ ಮೇಲೆಯೇ ಅವರ ಭುಜಗಳು ಸಡಿಲವಾಗುತ್ತಿದ್ದವು. ಮುಂದಿನ ತುತ್ತಿಗೆ ಮತ್ತೆ ಬಿಗಿಯುತ್ತಿದ್ದವು.

"ಏನೇ ಇವಳೇ, ನನ್ನ ಗಂಟಲಲ್ಲಿ ಸಿನಿಮಾ ಓಡ್ತಿದೆಯಾ?"

"ನಿಧಾನಕ್ಕೆ ಅಗೀರಿ ಅಂತ ನೋಡ್ತಿದ್ದೆ."

"ಮೊದಲು ನೀನು ತಿನ್ನು."

"ನನ್ನದಾಯ್ತು" ಎಂದು ಅತ್ತೆ ಎದ್ದರು. ಅವರ ತಟ್ಟೆಯಲ್ಲಿ ಹಿಸುಕಿದ ಆಲೂಗಡ್ಡೆ ಅಂಚಿಗೆ ಸರಿದು ಕೂತಿತ್ತು. ಮಾವ ಆ ತಟ್ಟೆಯನ್ನು ಒಮ್ಮೆ ನೋಡಿ, ಇನ್ನೊಂದು ರಸ್ಕನ್ನು ಮುರಿದರು.

ಲಾಂಡ್ರಿಗೆ ಬರುವ ಪ್ರತಿ ಬಟ್ಟೆಗೂ ಕಾಲರಿನ ಒಳಗೋ ಸೊಂಟಪಟ್ಟಿಯ ಒಳಗೋ ಅಳಿಯದ ಕಪ್ಪು ಶಾಯಿಯಲ್ಲಿ ಒಂದು ಗುರುತು ಬೀಳುತ್ತದೆ. ಚುಕ್ಕೆ ಮತ್ತು ಗೆರೆ ಬ್ಯಾಂಕಿನವರದು, ಕೊಡೆಯಂಥದ್ದು ಶಾಲೆಯ ಮೇಷ್ಟ್ರದು, ಮೀನಿನಂಥದ್ದು ಹೋಟೆಲಿನ ಅಡುಗೆಯವರದು. ಗುರುತು ಹಾಕುವುದು ಅತ್ತೆಯ ಕೆಲಸ. ಇಷ್ಟು ವರ್ಷದಲ್ಲಿ ಒಬ್ಬರ ಕರವಸ್ತ್ರ ಇನ್ನೊಬ್ಬರ ಗಂಟಿಗೆ ಹೋದದ್ದಿಲ್ಲ ಎಂದು ಅವರು ಯಾರು ಸಿಕ್ಕರೂ ಹೇಳಿಕೊಳ್ಳುತ್ತಿದ್ದರು. ಮನೆಯ ಬಟ್ಟೆಗೆ ಮಾತ್ರ ಗುರುತಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ತನ್ನ ಸ್ವೆಟರಿಗೊಂದು ಗುರುತು ಹಾಕಲು ಹೋಗಿ ಚೆನ್ನಾಗಿ ಬೈಸಿಕೊಂಡಿದ್ದಳು. "ಮನೆಯವರ ಬಟ್ಟೆಗೆ ಯಾಕೇ ಗುರುತು? ನಾವೇನು ಕಳೆದುಹೋಗ್ತೀವಾ?"

ಜರಡಿ ಕಂಡ ಆ ದಿನವೇ ಅಂಥ ಅತ್ತೆಯ ಕುಂಚ ಜಾರಿ ಬ್ಯಾಂಕಿನವರ ಬಿಳಿ ಅಂಗಿಯ ಕಾಲರಿನ ಹೊರಗೇ ಶಾಯಿ ಹರಡಿತು. ಸೊಸೆ ಅಂಗಿ ಕಸಿದುಕೊಂಡು ನಿಂಬೆಹುಳಿ ಹಚ್ಚಿ ಉಜ್ಜಿದಳು. ಅತ್ತೆ ಸ್ಟೂಲಿನ ಮೇಲೆ ಕುಸಿದು ಕೂತರು.

"ಏನಾಯ್ತು ಅತ್ತೆ? ಜರಡಿ ಇಳಿಸಿದ್ದೀರಿ, ಊಟ ಬಿಟ್ಟಿದ್ದೀರಿ. ನನಗೆ ಹೇಳಬಾರದ್ದು ಏನಿದೆ?"

ಅತ್ತೆ ಮುಂದಿನ ಬಾಗಿಲ ಕಡೆ ನೋಡಿದರು. ಅಲ್ಲಿ ಮಾವ ಗಿರಾಕಿಯೊಬ್ಬರ ಪ್ಯಾಂಟು ಮಡಿಸುತ್ತ ಹರಟೆ ಕೊಚ್ಚುತ್ತಿದ್ದರು.

"ಅವರಿಗೆ ಮತ್ತೆ ಬಂದಿದೆ ಕಣೇ."

ಸೊಸೆಯ ಕೈಯಲ್ಲಿದ್ದ ಅಂಗಿ ಬಕೆಟ್ಟಿಗೆ ಬಿತ್ತು.

"ಆಸ್ಪತ್ರೆಯಿಂದ ಫೋನ್ ಬಂದಿತ್ತು. ರಕ್ತ ತೆಗೆಯೋ ಹುಡುಗಿ. 'ನಿಮ್ಮ ಮನೆಯವರ ರಕ್ತದಲ್ಲಿ ಗುರುತು ಏರಿದೆ, ತಡ ಮಾಡದೆ ಕರ್ಕೊಂಡು ಬನ್ನಿ' ಅಂದ್ಲು. ಆಮೇಲೆ ಇನ್ನೊಂದ್ಸಲ ಮಾಡಿದ್ಲು. ಆಯ್ತು, ಕರ್ಕೊಂಡು ಬರ್ತೀನಿ ಅಂತ ಇಟ್ಟುಬಿಟ್ಟೆ."

ಗುರುತು ಎಂದರೆ ಏನೆಂದು ಸೊಸೆಗೆ ಗೊತ್ತಿತ್ತು. ಹೋದ ವರ್ಷ ಡಾಕ್ಟರಮ್ಮ ಅದನ್ನು ಬಿಡಿಸಿ ಹೇಳುವಾಗ ಅವಳೂ ಚೀಲ ಹಿಡಿದು ಅಲ್ಲೇ ನಿಂತಿದ್ದಳು. ಗಡ್ಡೆ ಕಣ್ಣಿಗೆ ಕಾಣುವ ಮುಂಚೆಯೇ, ಗಂಟಲು ತೊಂದರೆ ಕೊಡುವ ಮುಂಚೆಯೇ, ತನ್ನ ಚೂರುಪಾರುಗಳನ್ನು ರಕ್ತಕ್ಕೆ ಬಿಡುತ್ತದಂತೆ. ಅವನ್ನು ಅಳೆದರೆ ಕಾಯಿಲೆ ಇರಬಹುದೋ, ಇದ್ದರೆ ಔಷಧಿಗೆ ಬಗ್ಗುತ್ತದೋ, ಹೋದದ್ದು ಮರಳಿ ಬರುತ್ತಿದೆಯೋ ಎಂದು ಅಂದಾಜು ಸಿಗುತ್ತದಂತೆ. "ಆದ್ರೆ ಇದು ಕಣಿ ಹೇಳೋದಲ್ಲ. ಒಂದೊಂದ್ಸಲ ಸುಮ್ಮನೆ ಏರುತ್ತೆ. ಅದಕ್ಕೇ ಏರಿದ್ರೆ ಒಳಗೆ ಕೊಳವೆ ಇಳಿಸಿ ನೋಡ್ಲೇಬೇಕು" ಎಂದಿದ್ದರು ಡಾಕ್ಟರಮ್ಮ.

ಮಾವ ಆಗ ತಮ್ಮ ಕಸುಬಿನಲ್ಲೇ ಅದನ್ನು ಅರ್ಥ ಮಾಡಿಕೊಂಡಿದ್ದರು. "ತೊಟ್ಟಿ ನೀರು ಕೆಂಪಾದ್ರೆ ಯಾವುದೋ ಬಟ್ಟೆ ಬಣ್ಣ ಬಿಡ್ತಿದೆ ಅಂತ ಗೊತ್ತಾಗುತ್ತೆ. ಯಾವುದು ಅಂತ ತಿಳೀಬೇಕಾದ್ರೆ ಒಂದೊಂದನ್ನೇ ಎತ್ತಿ ನೋಡ್ಬೇಕು. ಅಷ್ಟೇ ತಾನೇ?" ಡಾಕ್ಟರಮ್ಮ ನಕ್ಕು ತಲೆಯಾಡಿಸಿದ್ದರು. ಒಂದೇ ಒಲೆಯ ಅಡುಗೆ ತಿನ್ನುವ, ಕಾಯಿಲೆ ಇಲ್ಲದವರೊಬ್ಬರ ರಕ್ತವೂ ಹೋಲಿಸಿ ನೋಡಲು ಬೇಕೆಂದಾಗ ಅತ್ತೆ ತೋಳು ಮೇಲಕ್ಕೆ ಮಡಿಸಿ ಕೈ ಚಾಚಿದ್ದರು. ಅಲ್ಲಿಂದ ಮುಂದೆ ಪ್ರತಿ ಭೇಟಿಯಲ್ಲೂ ಇಬ್ಬರೂ ರಕ್ತ ಕೊಡುತ್ತಿದ್ದರು. ಆ ಎರಡನೆಯ ಸೀಸೆಯ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ. ಕಾಯಿಲೆ ಇಲ್ಲದವರ ರಕ್ತದಲ್ಲಿ ಏನಿದೆ ಮಾತಾಡುವುದಕ್ಕೆ?

"ಹಾಗಿದ್ರೆ ಕರ್ಕೊಂಡು ಹೋಗೋಣ ಅತ್ತೆ. ಈಗಲೇ ಹೋದ್ರೆ ಬೇಗ ಸಿಕ್ಕಿದ ಹಾಗೆ ಅಲ್ವಾ?"

"ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದಾರೆ. ಗುಣ ಆದ ದಿನ. 'ಮತ್ತೆ ಬಂದ್ರೆ ನನಗೆ ಹೇಳ್ಬೇಡ. ಆ ಜರಡಿ ನನ್ನ ಕಣ್ಣಿಗೆ ಬೀಳಬಾರ್ದು. ತಿನ್ನೋಷ್ಟು ದಿನ ತಿಂದು ಹೋಗ್ತೀನಿ, ನನ್ನಾಣೆ' ಅಂದ್ರು. ನಾನೇನು ಮಾಡ್ಲಿ?"

"ಆಣೆ ದೊಡ್ಡದೋ, ಜೀವ ದೊಡ್ಡದೋ?"

"ನೀನು ಅವರು ಪಟ್ಟಿದ್ದನ್ನ ಬಾಗಿಲಿಂದ ನೋಡಿದೆ. ನಾನು ಪಕ್ಕದಲ್ಲಿ ಮಲಗಿದ್ದೆ."

ಅತ್ತೆ ಸೊಸೆಯ ಕೈ ಹಿಡಿದುಕೊಂಡರು. ಅತ್ತೆಯ ಕೈ ತಣ್ಣಗಿತ್ತು. ಇಡೀ ದಿನ ಬಿಸಿ ಬಟ್ಟೆ ಮುಟ್ಟುವ ಕೈ ಅದು. "ನನ್ನ ಮಗನಿಗೆ ಹೇಳ್ಬೇಡ. ಅಪ್ಪನ್ನ ಎತ್ತಿ ವ್ಯಾನಿಗೆ ಹಾಕ್ಕೊಂಡು ಹೋಗ್ತಾನೆ. ಡಂಗುರಕ್ಕಂತೂ ಸುಳಿವು ಸಿಗಬಾರ್ದು. ಸ್ವಲ್ಪ ದಿನ ತಿನ್ಲಿ ಕಣೇ. ಹೇಗೆ ತಿಂತಾರೆ ನೋಡು."

ಸೊಸೆ ಒಪ್ಪಿಕೊಂಡಳು. ತಪ್ಪು ಮಾಡಿದಳು ಎಂದು ಈಗ ಯಾರು ಬೇಕಾದರೂ ಹೇಳಬಹುದು. ಆಗ ಹೊರಗಿನಿಂದ ಮಾವನ ನಗು ಕೇಳುತ್ತಿತ್ತು, ಆ ನಗುವಿನ ಕುತ್ತಿಗೆಗೆ ಕೈ ಹಾಕುವ ಧೈರ್ಯ ಅವಳಿಗಿರಲಿಲ್ಲ.

ಅಂದಿನಿಂದ ಮಾವನನ್ನು ನೋಡುವ ಕಣ್ಣುಗಳು ನಾಲ್ಕಾದವು. ಅವರು ಕೆಮ್ಮಿದರೆ ಹಬೆಯ ಇಸ್ತ್ರಿ ನಿಲ್ಲುತ್ತಿತ್ತು. ನೀರು ಕೇಳಿದರೆ ಇಬ್ಬರೂ ಲೋಟ ಹಿಡಿದು ಓಡುತ್ತಿದ್ದರು. ಮನೆ ತುಂಬಿದ್ದರೂ ಯಾರೋ ಉಸಿರು ಹಿಡಿದು ಕಾಯುತ್ತಿರುವಂತೆ ಸೊಸೆಗೆ ಅನ್ನಿಸತೊಡಗಿತು. ಹ್ಯಾಂಗರಿನಲ್ಲಿ ತೂಗುವ ಖಾಲಿ ಅಂಗಿಗಳ ಸಾಲಿನ ಮಧ್ಯೆ ನಡೆಯುವಾಗಲೂ ಅವಳು ಹಿಂತಿರುಗಿ ನೋಡುತ್ತಿದ್ದಳು. ಹಿಂದೆ ಯಾವತ್ತೂ ಹಾಗೆ ನೋಡಿದವಳಲ್ಲ.

ಒಂದು ಮಧ್ಯಾಹ್ನ ಕೌಂಟರಿನಲ್ಲಿ ಕೂತಿದ್ದಾಗ ಅಡುಗೆಮನೆಯಿಂದ ಆ ಶಬ್ದ ಬಂತು. ಹೋದ ವರ್ಷ ಇಡೀ ಮನೆ ಕಿವಿ ಮುಚ್ಚಿಕೊಂಡು ಸಹಿಸಿದ ಶಬ್ದ. ತುತ್ತು ಒಳಗೆಲ್ಲೋ ನಿಂತು, ಇಳಿಯಲಾರದೆ, ಆಮೇಲೆ ಯಾರೋ ತಳ್ಳಿದಂತೆ ಗ್ಳಕ್ ಎಂದು ಜಾರುತ್ತದಲ್ಲ, ಅದು. ಮಾವನಿಗೆ ಶುರುವಾಯಿತು ಎಂದುಕೊಂಡು ಅವಳು ಒಳಗೆ ಓಡಿದಳು.

ಮಾವ ಅಲ್ಲಿರಲಿಲ್ಲ. ಕಿಟಕಿಯಿಂದ ನೋಡಿದರೆ ಹಿತ್ತಲಲ್ಲಿ ಹಾಸಿಗೆಯ ಬಟ್ಟೆ ಹಿಂಡುತ್ತ ಶಿಳ್ಳೆ ಹೊಡೆಯುತ್ತಿದ್ದರು. ಅಡುಗೆಮನೆಯಲ್ಲಿ ಅತ್ತೆಯೊಬ್ಬರೇ, ಬೆನ್ನು ತಿರುಗಿಸಿ, ಸಿಂಕಿನ ಮೇಲೆ ಬಗ್ಗಿ ನಿಂತಿದ್ದರು.

"ಅದೇನು ಶಬ್ದ ಅತ್ತೆ?"

"ಯಾವ ಶಬ್ದ? ಸಿಂಕಲ್ಲಿ ನೀರು ಇಳೀತಿದೆ."

ನಲ್ಲಿ ಮುಚ್ಚಿತ್ತು. ಜರಡಿ ಮತ್ತೆ ಒದ್ದೆಯಾಗಿತ್ತು. ಸೊಸೆ ಅದನ್ನು ಮುಟ್ಟಿ ನೋಡಿದಳು. ತನ್ನ ಕಿವಿಯೇ ತನಗೆ ಮೋಸ ಮಾಡುತ್ತಿದೆ ಎಂದು ತಲೆ ಕೊಡವಿಕೊಂಡು ಕೌಂಟರಿಗೆ ಮರಳಿದಳು.

ಮಗನಿಗೆ ಮೊದಮೊದಲು ಏನೂ ತಿಳಿದಿರಲಿಲ್ಲ. ವ್ಯಾನಿನಲ್ಲಿ ಬಟ್ಟೆ ಹಂಚಿ ಬಂದು ಉಂಡು ಮಲಗುವವನು. ಅವನಿಗೂ ಒಂದು ಸಂಜೆ ತಡೆಯಲಾಗಲಿಲ್ಲ.

"ಏನು ನಡೀತಿದೆ ಇಲ್ಲಿ? ಅಮ್ಮ ಅಪ್ಪನ ಬಾಯಿ ನೋಡ್ತಾಳೆ, ನೀನು ಅಪ್ಪನ ಬಾಯಿ ನೋಡ್ತೀಯ. ಹೀಗೆ ನೋಡ್ತಾ ಕೂತ್ರೆ ಗಟ್ಟಿಮುಟ್ಟಾದವನಿಗೂ ಕಾಯಿಲೆ ಬರುತ್ತೆ!"

"ನನ್ನ ಹಲ್ಲು ಎಷ್ಟಿದೆ ಅಂತ ಲೆಕ್ಕ ಹಾಕ್ತಿದ್ದಾರೆ ಬಿಡೋ" ಎಂದು ಮಾವ ರಸ್ಕ್ ಕಡಿದರು.

"ಅಪ್ಪಾ, ಅಜ್ಜಿ ತಾತನ ಥರಾನೇ ಆಡ್ತಾಳೆ" ಎಂದು ಡಂಗುರ ಬಾರಿಸಿತು. "ತುತ್ತಿಗೊಂದು ಗುಟುಕು ನೀರು ಕುಡೀತಾಳೆ. ಎದೆ ಮೇಲೆ ಹೀಗೆ ಮುಷ್ಟಿಯಿಂದ ಗುದ್ದಿಕೊಳ್ತಾಳೆ. ಧ್ವನಿ ಕೂಡ ತಾತಂದೇ. ನಿನ್ನೆ ಹಿಂದಿನಿಂದ ಕೂಗಿದ್ಲು, ನಾನು ತಾತ ಅಂತ ತಿರುಗಿದೆ."

ಮಾವ ಹಿಂದೆಂದಿಗಿಂತ ಜೋರಾಗಿ ಅಗಿಯತೊಡಗಿದರು.

"ಬಾಯಿ ಮುಚ್ಚೇ ನೀನು" ಎಂದರು ಅತ್ತೆ. "ಮನಸ್ಸಲ್ಲಿ ಸಂಕಟ ಇದ್ರೆ ತುತ್ತು ಇಳಿಯುತ್ತಾ?"

"ಏನು ಸಂಕಟ ಅಮ್ಮ ನಿನಗೆ? ಹೇಳು ಮತ್ತೆ!"

"ನಿನ್ನನ್ನ ಹೆತ್ತಿದ್ದೇ ಸಂಕಟ. ಉಣ್ಣು ಸುಮ್ಮನೆ."

ಎಲ್ಲರೂ ನಕ್ಕರು. ಸೊಸೆಗೂ ಅತ್ತೆಯ ಮಾತು ಸರಿಯೆನಿಸಿತು. ಚಿಂತೆಯಿದ್ದವರಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ ಎನ್ನುವುದು ಹೊಸ ಮಾತೇ? ತನಗೂ ಈಚೆಗೆ ಇಳಿಯುತ್ತಿರಲಿಲ್ಲ.

ವಾರಗಳು ಹೀಗೇ ಸರಿದವು. ಅವಳ ಕಣ್ಣು ತೆರೆಸಿದ್ದು ಕೆಲಸದ ಮೇಲಂಗಿ. ಲಾಂಡ್ರಿಯಲ್ಲಿ ಅತ್ತೆ ಮಾವ ಇಬ್ಬರೂ ಒಂದೇ ನೀಲಿ ಬಟ್ಟೆಯ, ಸೊಂಟಕ್ಕೆ ಪಟ್ಟಿ ಕಟ್ಟುವ ಮೇಲಂಗಿ ತೊಡುತ್ತಿದ್ದರು. ಮನೆಯ ಬಟ್ಟೆ, ಆದ್ದರಿಂದ ಗುರುತಿಲ್ಲ. ಒಗೆದು ಒಣಗಿದ ಆ ಜೋಡಿಯನ್ನು ಮಡಿಸುತ್ತಿದ್ದ ಸೊಸೆ ಪಟ್ಟಿಯ ಮೇಲಿನ ಗಂಟಿನ ಕಲೆಗಳನ್ನು ಕಂಡಳು. ಗಂಟು ಹಾಕಿದ ಜಾಗದಲ್ಲಿ ಬಟ್ಟೆ ಸುಕ್ಕಾಗಿ ಮಾಸಿರುತ್ತದೆ. ಒಂದರಲ್ಲಿ ಆ ಕಲೆ ವಾರದಿಂದ ವಾರಕ್ಕೆ ಪಟ್ಟಿಯ ತುದಿಯ ಕಡೆಗೆ ಜಾರಿತ್ತು. ತೊಟ್ಟವರ ಹೊಟ್ಟೆ ಬೆಳೆಯುತ್ತಿತ್ತು. ಇನ್ನೊಂದರಲ್ಲಿ ಒಳಗೊಳಗೇ ಸರಿಯುತ್ತ ಹೋಗಿ, ಕೊನೆಗೆ ಪಟ್ಟಿಯನ್ನು ಎರಡು ಸುತ್ತು ಸುತ್ತಿದ ಗೆರೆಗಳಿದ್ದವು.

ಕರಗುತ್ತಿರುವುದು ಯಾರ ಮೈ ಎಂದು ಅವಳಿಗೆ ಗೊತ್ತಿರಬೇಕಿತ್ತು. ಕರಗುತ್ತಿದ್ದವರ ಮೇಲಂಗಿಯನ್ನು ಮೂಗಿಗೆ ಹಿಡಿದಳು. ಒಗೆದರೂ ಹೋಗದ ಶಾಯಿಯ ವಾಸನೆ ಬಂತು, ಅತ್ತೆಯ ಕೈಯ ಶಾಯಿ.

ಅವಳು ಮಡಿಸುವುದನ್ನು ಅರ್ಧಕ್ಕೆ ಬಿಟ್ಟು, ಫೋನ್ ತೆಗೆದುಕೊಂಡು ಬೀದಿಗೆ ಹೋದಳು. ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ ಆ ಹುಡುಗಿಯೇ ಸಿಕ್ಕಳು.

"ಲಾಂಡ್ರಿ ಮನೆಯಿಂದ ಮಾತಾಡ್ತಿದ್ದೀನಿ. ನಮ್ಮ ಮಾವನ ರಕ್ತದಲ್ಲಿ ಗುರುತು ಏರಿದೆ ಅಂತ ಹೇಳಿದ್ರಂತೆ."

"ನಿಮ್ಮ ಮಾವಂದಾ? ಇಲ್ವಲ್ಲ. ಅವರದು ಪೂರ್ತಿ ಇಳಿದುಬಿಟ್ಟಿದೆ. ತುಂಬಾ ಒಳ್ಳೆ ಸೂಚನೆ ಅದು. ಏರಿರೋದು ಮನೆಯವರದು."

"ಅದೇ, ಅತ್ತೆಯ ಮನೆಯವರು. ಮಾವ."

ಆ ಕಡೆ ಕಾಗದ ಮಗುಚುವ ಸದ್ದಾಯಿತು. "ಅಕ್ಕಾ, ನಾವು ಸೀಸೆ ಮೇಲೆ ರೋಗಿ, ಮನೆಯವರು ಅಂತ ಬರೀತೀವಿ. ರೋಗಿ ಅಂದ್ರೆ ನಿಮ್ಮ ಮಾವ. ಮನೆಯವರು ಅಂದ್ರೆ ಹೋಲಿಸೋಕೆ ರಕ್ತ ಕೊಟ್ಟೋರು. ನಿಮ್ಮ ಅತ್ತೆ."

"ನೀವು ಫೋನಲ್ಲಿ ಮಾತಾಡಿದ್ದು ಅತ್ತೆ ಹತ್ರಾನೇ!"

"ಅಯ್ಯೋ... ಅದು ಗಂಡಸಿನ ಧ್ವನಿ ಥರ ಇತ್ತು, ಒಡೆದುಹೋಗಿತ್ತು. ರೋಗಿನೇ ಫೋನ್ ಎತ್ತಿದ್ದಾರೆ ಅಂದ್ಕೊಂಡೆ. ಅದಕ್ಕೇ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ ಅಂದೆ."

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಸೊಸೆ ಲಾಂಡ್ರಿಯ ಗೋಡೆಗೆ ಒರಗಿ ನಿಂತಳು. ಮದುವೆಯಾದಾಗಿನಿಂದ ಅತ್ತೆ ಗಂಡನ ಹೆಸರು ಹೇಳಿದವರಲ್ಲ. ನಮ್ಮ ಮನೆಯವರು ಉಂಡರು, ನಮ್ಮ ಮನೆಯವರು ಮಲಗಿದರು. ಅವರ ಬಾಯಲ್ಲಿ ಆ ಮಾತಿಗೆ ಇನ್ನೊಂದು ಅರ್ಥವೇ ಇರಲಿಲ್ಲ. ಒಬ್ಬರ ಕರವಸ್ತ್ರ ಇನ್ನೊಬ್ಬರಿಗೆ ಹೋಗಲು ಬಿಡದವರು ತಮ್ಮ ರಕ್ತವನ್ನೇ ಗಂಡನದೆಂದು ತೆಗೆದುಕೊಂಡು ಬಚ್ಚಿಟ್ಟಿದ್ದರು. ಇಷ್ಟು ವಾರ ತಾವೆಲ್ಲ ಯಾರ ಬಾಯಿ ನೋಡುತ್ತ ಕೂತಿದ್ದೆವು ಎಂದುಕೊಳ್ಳುತ್ತ ಅವಳು ಬಾಗಿಲು ತಳ್ಳಿದಳು.

ಒಳಗೆ ಅತ್ತೆ ಹಬೆಯ ಇಸ್ತ್ರಿಯ ಮುಂದಿದ್ದರು. ಸೊಸೆ ಇಸ್ತ್ರಿ ಆರಿಸಿದಳು. ಹಬೆ ನಿಧಾನಕ್ಕೆ ಕರಗಿ, ಕೆನ್ನೆ ಒಳಕ್ಕೆ ಹೋದ ಮುಖವೊಂದು ಹೊರಬಂತು. ದಿನಾ ನೋಡುವ ಮುಖ, ಅವತ್ತೇ ಮೊದಲು ನೋಡಿದಂತಿತ್ತು.

"ಅತ್ತೆ, ಆ ಜರಡಿಯಲ್ಲಿ ಸೋಸಿ ತಿಂತಿರೋದು ಯಾರು?"

"ನಾನೇ. ಚಿಂತೆಗೆ ಗಟ್ಟಿ ಇಳಿಯಲ್ಲ ಕಣೇ. ಯಾಕೆ?"

"ಆಸ್ಪತ್ರೆಗೆ ಫೋನ್ ಮಾಡಿದ್ದೆ. ಮಾವನ ರಕ್ತ ಚೆನ್ನಾಗಿದೆ ಅತ್ತೆ. ಏನೂ ಇಲ್ಲ. ಮನೆಯವರು ಅಂದಿದ್ದು..." ಅವಳು ಅತ್ತೆಯ ಕೈ ಹಿಡಿದುಕೊಂಡಳು. "ಮನೆಯವರು ಅಂದಿದ್ದು ನಿಮಗೆ. ಹೋಲಿಸೋಕೆ ನೀವು ರಕ್ತ ಕೊಟ್ಟಿದ್ರಲ್ಲ, ಅದು."

ಅತ್ತೆ ಅವಳ ಮುಖವನ್ನೇ ನೋಡಿದರು. ಮಾತು ಒಳಗಿಳಿಯಲು ಹೊತ್ತು ಹಿಡಿಯಿತು. ಆಮೇಲೆ ಅವರು ಕೇಳಿದ್ದು ಒಂದೇ.

"ಹಾಗಾದ್ರೆ ಅವರಿಗೇನಿಲ್ಲ?"

"ಇಲ್ಲ ಅತ್ತೆ."

"ನಿಜ ಹೇಳು. ಅವರಿಗೇನೂ ಇಲ್ವಾ?"

"ಏನೂ ಇಲ್ಲ."

ಅತ್ತೆ ನಕ್ಕರು. ಆ ಒಡಕು ಗಂಟಲಲ್ಲಿ, ಮಾವನ ಧ್ವನಿಯಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಭುಜಗಳು ಕೆಳಗಿಳಿದವು. ಸೊಸೆ ಅಳುತ್ತಿದ್ದರೆ ಅವರು ಅವಳ ಬೆನ್ನು ಸವರಿ, "ಅಯ್ಯೋ ಹುಚ್ಚಿ, ಅವರಿಗೇನಿಲ್ಲ ಅಂತ ಮೊದಲೇ ಗೊತ್ತಿದ್ರೆ ನಾನು ನೆಮ್ಮದಿಯಾಗಿ ನಿದ್ದೆ ಮಾ—" ಎಂದು ಮಾತು ನಿಲ್ಲಿಸಿದರು. ಕೈ ತಾನಾಗಿ ಎದೆಯ ನಡುವಿಗೆ ಹೋಗಿ ಅಲ್ಲೇ ನಿಂತಿತು. ತಮ್ಮದೇ ಕೈ ಅಲ್ಲೇನು ಮಾಡುತ್ತಿದೆ ಎಂದು ಅವರು ಬಗ್ಗಿ ನೋಡಿದರು.

ಹ್ಯಾಂಗರುಗಳ ಸಾಲು ಅಲುಗಿತು. ತೂಗುವ ಅಂಗಿಗಳ ಹಿಂದೆ ಮಾವ ನಿಂತಿದ್ದರು. ಯಾವಾಗ ಬಂದರೋ.

"ನನಗೆ ಗೊತ್ತಿತ್ತು" ಎಂದರು ಮಾವ.

"ಏನು ಗೊತ್ತಿತ್ತು ನಿಮಗೆ?"

"ಆ ಶಬ್ದ. ತುತ್ತು ನಿಂತು ಇಳಿಯೋ ಶಬ್ದ. ನನ್ನ ಗಂಟಲಲ್ಲೇ ವರ್ಷ ಪೂರ್ತಿ ಕೇಳಿದೋನು ನಾನು, ನನಗೆ ಗೊತ್ತಾಗಲ್ವಾ? ಊಟಕ್ಕೆ ಕೂತಾಗೆಲ್ಲ ನಿನ್ನ ಕಡೆಯಿಂದ ಬರ್ತಿತ್ತು." ಅವರು ಒಂದು ಖಾಲಿ ತೋಳನ್ನು ಹಿಡಿದು ಹಿಂಡುತ್ತಿದ್ದರು. "ಇರಲಿಕ್ಕಿಲ್ಲ ಅಂದ್ಕೊಂಡೆ. ನನ್ನನ್ನ ನೋಡಿ ನೋಡಿ ಹಾಗಾಗಿದೆ ಅಂದ್ಕೊಂಡೆ. ಅದು ಕಿವಿಗೆ ಬೀಳಬಾರ್ದು ಅಂತಾನೇ ರಸ್ಕ್ ತಿಂತಿದ್ದೆ. ಜೋರಾಗಿ ಅಗಿದ್ರೆ ಕೇಳ್ತಿರ್ಲಿಲ್ಲ."

ಸೊಸೆಗೆ ಕರುಂ ಕುರುಂ ಎಂಬ ಸದ್ದೆಲ್ಲ ಒಟ್ಟಿಗೇ ನೆನಪಾಯಿತು. ಮಾವ ಗಟ್ಟಿಯಾದರು ಎಂದು ತಾವು ಸಂತೋಷಪಟ್ಟ ಒಂದೊಂದು ರಸ್ಕೂ ನೆನಪಾಯಿತು.

"ಹೇಳಬಾರದಿತ್ತಾ ರೀ?"

"ನೀನು ಹೇಳಬಾರದಿತ್ತಾ?"

"ನೀವು ಆಣೆ ಹಾಕಿಸಿದ್ರಿ."

ಮಾವ ಹಿಂಡುತ್ತಿದ್ದ ತೋಳನ್ನು ಬಿಟ್ಟು, ಅದರ ಸುಕ್ಕನ್ನು ಅಂಗೈಯಿಂದ ಸವರಿದರು.

ಆ ಸಂಜೆ ಮಗನಿಗೂ ತಿಳಿಯಿತು, ಡಂಗುರಕ್ಕೂ ತಿಳಿಯಿತು. ಮಗ ಕೂಗಾಡಿದ, ಹೆಂಡತಿಯನ್ನು ಬೈದ, ಆಮೇಲೆ ಅಮ್ಮನ ಮುಂದೆ ನೆಲದ ಮೇಲೆ ಕೂತ. ಹುಡುಗಿ ಅಂದು ಯಾರಿಗೂ ಏನೂ ಹೇಳಲಿಲ್ಲ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತರು. ಸೊಸೆ ಅಭ್ಯಾಸಬಲದಿಂದ ಮಾವನ ಮುಂದೆ ರಸ್ಕಿನ ತಟ್ಟೆ ಇಟ್ಟಳು. ಮಾವ ಒಂದನ್ನು ತೆಗೆದುಕೊಂಡು ಹಾಲಿಗೆ ಅದ್ದಿ, ಅದು ಮೆತ್ತಗಾಗುವವರೆಗೂ ಕಾದರು. ಅತ್ತೆ ಜರಡಿಯಿಂದ ಸೋಸಿದ ಗಂಜಿಯ ಚಮಚವನ್ನು ಬಾಯಿಗಿಟ್ಟರು. ಯಾರೂ ಅಗಿಯಲಿಲ್ಲ. ಇಡೀ ಮೇಜು ಕಾಯಿತು. ಗಂಜಿ ಎಲ್ಲೋ ನಿಂತಿತು. ನಿಂತೇ ಇತ್ತು. ಆಮೇಲೆ ಇಳಿಯಿತು, ಎಲ್ಲರಿಗೂ ಕೇಳಿಸಿತು.

ಮಾರನೆಯ ಬೆಳಗ್ಗೆ ಆಸ್ಪತ್ರೆಗೆ ಹೊರಡುವ ಮುಂಚೆ ಮಾವ ಅತ್ತೆಯ ಬಟ್ಟೆಗಳನ್ನು ತೊಡೆಯ ಮೇಲೆ ಹರಡಿಕೊಂಡು ಶಾಯಿಯ ಕುಂಚ ಹಿಡಿದಿದ್ದರು. ಆಸ್ಪತ್ರೆಯಲ್ಲಿ ಇರಬೇಕಾಗಬಹುದು, ಅಲ್ಲಿ ಒಗೆಯಲು ಹಾಕಿದ್ದು ಬೆರೆತುಹೋಗುತ್ತದೆ.

"ಮನೆ ಬಟ್ಟೆಗೆ ಗುರುತು ಹಾಕ್ಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ" ಎಂದರು ಅತ್ತೆ.

"ಕಳೆದುಹೋಗಬಾರ್ದು" ಎಂದರು ಮಾವ. ಒಂದೊಂದು ಬಟ್ಟೆಯ ಅಂಚಿನ ಒಳಗೂ ಒಂದೊಂದು ಚುಕ್ಕೆ ಇಟ್ಟು ಊದಿ ಆರಿಸಿದರು.

ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡಿದ್ದಾಯಿತು. ಇದ್ದದ್ದು ಇತ್ತು. ಡಾಕ್ಟರಮ್ಮ ಸುತ್ತಿಬಳಸಿ ಮಾತಾಡುವವರಲ್ಲ. ಗಡ್ಡೆ ಸ್ವಲ್ಪ ಒಳಕ್ಕೆ ಹೋಗಿದೆ, ಚಿಕಿತ್ಸೆ ಇದೆ, ಕಷ್ಟ ಇದೆ. ಔಷಧಿ ಶುರುವಾದ ಮೇಲೆ ರಕ್ತದ ಗುರುತು ಬೇಗ ಇಳಿದರೆ ಒಳ್ಳೆಯ ಲಕ್ಷಣ, ಇಳಿಯದಿದ್ದರೆ ಬೇರೆ ದಾರಿ ಯೋಚಿಸೋಣ ಎಂದರು. "ಗುರುತು ಗಂಟಲಿಗಿಂತ ಮೊದಲೇ ಹೇಳಿತ್ತು. ನಾವು ಫೋನ್ ಮಾಡಿದಾಗಲೇ ಬಂದಿದ್ರೆ..." ಎಂದು ಶುರುಮಾಡಿ, ಎದುರಿಗೆ ಕೂತ ಇಬ್ಬರನ್ನೂ ನೋಡಿ, ಆ ವಾಕ್ಯವನ್ನು ಅಲ್ಲೇ ಬಿಟ್ಟರು. ಸೊಸೆ ಅದನ್ನು ಮನೆಯವರೆಗೂ ಹೊತ್ತು ತಂದಳು, ಇನ್ನೂ ಇಳಿಸಿಲ್ಲ.

ರಕ್ತ ತೆಗೆಯುವ ಕೋಣೆಯಲ್ಲಿ ಅದೇ ಹುಡುಗಿ. ತಲೆ ಎತ್ತಲು ಅವಳಿಗೆ ಧೈರ್ಯವಿರಲಿಲ್ಲ. ಎರಡು ಖಾಲಿ ಸೀಸೆಗಳನ್ನು ಮೇಜಿನ ಮೇಲಿಟ್ಟು, ಲೇಖನಿ ಹಿಡಿದು, ಈ ಸಲ ಒಂದೊಂದೇ ಮಾತನ್ನು ಬಿಡಿಸಿ ಕೇಳಿದಳು.

"ರೋಗಿ ಯಾರು?"

ಅತ್ತೆ ಕೈ ಎತ್ತಿದರು, ಶಾಲೆಯ ಮಕ್ಕಳ ಹಾಗೆ.

"ಮನೆಯವರು?"

ಮಾವ ಅಂಗಿಯ ತೋಳು ಮಡಿಸಿದರು. ಮೊಣಕೈಯ ಮಡಿಕೆಯಲ್ಲಿ ಹೋದ ವರ್ಷದ ಸೂಜಿಯ ಕಲೆಗಳು ಇನ್ನೂ ಮಾಸಿರಲಿಲ್ಲ.

"ನಾನು" ಎಂದರು. "ಈ ಸಲ ಮನೆಯವರು ನಾನು."

ಹುಡುಗಿ ಸೀಸೆಯ ಮೇಲೆ ಹಾಗೆಯೇ ಬರೆದುಕೊಂಡಳು.